ಏಳಡಿ ಬಿದಿರು ತಿರುಗುವಷ್ಟು ಜಾಗ

ಕುಮಟೆಯ ನನ್ನ ಆಫೀಸಿಗೆ ನೀವು ಬಂದರೆ ಮೊದಲು ಕಣ್ಣಿಗೆ ಬೀಳುವುದು ನಾನಲ್ಲ, ಬಾಗಿಲ ಹಿಂದೆ ಗೋಡೆಗೆ ಒರಗಿಸಿಟ್ಟ ಬಿದಿರು. ಏಳು ಅಡಿಯ ಗಳ. ಎರಡೂ ತುದಿಗೆ ಎರಡೆರಡು ಅಡಿಯ ಅಡ್ಡಕೋಲುಗಳನ್ನು ಕತ್ತದ ಹಗ್ಗದಿಂದ ಬಿಗಿದಿದ್ದೇನೆ. ಮನೆಯ ನಕ್ಷೆ ಮಾಡಿಸಲು ಬಂದವರು ಚಾ ಬರುವ ತನಕ ಅದನ್ನೇ ನೋಡುತ್ತ ಕೂರುತ್ತಾರೆ. ಹಳೆಯ ಟೀವಿ ಆಂಟೆನಾ ಎಂದುಕೊಂಡವರಿದ್ದಾರೆ. ಮಂಕಿಯಿಂದ ಬಂದ ಹೆಂಗಸೊಬ್ಬರು, "ವಸ್ತ್ರ ಒಣಗಿಸೂಕೆ ಚಲೋ ಅದೆ, ಎಲ್ಲಿ ಮಾಡ್ಸಿದ್ರಿ?" ಎಂದು ಕೇಳಿದ್ದರು. ಊರಲ್ಲೇ ಎಂದು ಹೇಳಿ ಮಾತು ಬದಲಿಸಿದೆ. ನಿಜ ಹೇಳಿದ್ದರೆ ನಕ್ಷೆಯನ್ನೂ ಚಾವನ್ನೂ ಬಿಟ್ಟು ಎದ್ದು ಹೋಗುತ್ತಿದ್ದರು.

ನಿಮಗೆ ಹೇಳಬಹುದು. ಅದು ಚಟ್ಟದ ಅಳತೆ. ನಾನು ನಕ್ಷೆ ಮಾಡಿದ ಯಾವುದೇ ಕಟ್ಟಡದ ಗೋಡೆ ಎದ್ದಮೇಲೆ, ಸಿಮೆಂಟಿನ ಗಿಲಾಯಿ ಬಳಿಯುವ ಮೊದಲು, ಈ ಬಿದಿರನ್ನು ಹೊತ್ತು ಮೇಲಿನ ಮಹಡಿಗೆ ಹೋಗುತ್ತೇನೆ. ಒಂದು ತುದಿ ಮೇಸ್ತ್ರಿಗೆ, ಒಂದು ತುದಿ ನನಗೆ. ಅಡ್ಡ ಹಿಡಿದು, ಸೊಂಟದ ಎತ್ತರದಲ್ಲಿ, ಮೆಟ್ಟಿಲು ಇಳಿಯುತ್ತ ಬರುವುದು. ಎಲ್ಲಿ ತಾಗುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ, ಆ ಗೋಡೆ ಮರುದಿನ ಒಡೆಯಬೇಕು. ಇಂಜಿನೇರ್ರಿಗೆ ವಯಸ್ಸಾಯ್ತು ಎಂದು ಮೇಸ್ತ್ರಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ನನಗೆ ಗೊತ್ತು. ನಾನು ಇಂಜಿನಿಯರ್ ಕೂಡ ಅಲ್ಲ, ಡಿಪ್ಲೊಮಾ ಮಾತ್ರ. ಬೋರ್ಡಿನಲ್ಲಿ ಹಾಗೆ ಬರೆಸಿಲ್ಲ, ಜನ ಕರೆದರೆ ಬೇಡವೆಂದೂ ಹೇಳಿಲ್ಲ.

ಮನೆ ಕಟ್ಟಿಸುವವರಲ್ಲಿ ಕೇಳದೆಯೇ ಅರ್ಥ ಮಾಡಿಕೊಂಡವರು ಒಬ್ಬರೇ. ಭಟ್ಕಳದಲ್ಲಿ ಒಂದು ಮನೆಯ ಕೆಲಸ ನಡೆಯುತ್ತಿತ್ತು. ಮನೆ ಯಜಮಾನರು ಎಂಬತ್ತು ದಾಟಿದ ಸಾಹೇಬರು. ನಾನೂ ಮೇಸ್ತ್ರಿಯೂ ಬಿದಿರು ಹಿಡಿದು ಇಳಿಯುವುದನ್ನು ಕೆಳಗಿನಿಂದ ನೋಡುತ್ತ ನಿಂತಿದ್ದರು. ಇಳಿದ ಮೇಲೆ ಹತ್ತಿರ ಬಂದು ಅಡ್ಡಕೋಲನ್ನು ಒಮ್ಮೆ ಮುಟ್ಟಿ, "ನಮ್ಮದು ಮಸೀದಿಯಲ್ಲಿ ಇಟ್ಟಿರ್ತಾರೆ. ಇದಕ್ಕಿಂತ ಸ್ವಲ್ಪ ಅಗಲ. ಮೆಟ್ಟಿಲು ಅರ್ಧ ಅಡಿ ಜಾಸ್ತಿ ಮಾಡಿಬಿಡಿ" ಎಂದರು. ಮತ್ತೆ ಪಕ್ಕದ ಹಳೇ ಮನೆಗೆ ಹೋಗಿ ನಮಗೆ ಶರಬತ್ತು ಕಳಿಸಿದರು. ಆ ಮೆಟ್ಟಿಲು ನಾನು ಮಾಡಿದ್ದರಲ್ಲೆಲ್ಲ ಒಳ್ಳೆಯದು.

ಅಳತೆಯ ವಿದ್ಯೆ ನನಗೆ ಕಾಲೇಜಿನಲ್ಲಿ ಬಂದದ್ದಲ್ಲ. ನನ್ನ ಊರು ಹಳದೀಪುರ. ಅಲ್ಲಿ ಮಾದೇವಣ್ಣ ಎಂಬವನಿದ್ದ. ತೋಟದ ಬೇಲಿ ಕಟ್ಟುವುದು, ಚಪ್ಪರ ಹಾಕುವುದು ಅವನ ಕೆಲಸ. ಊರಲ್ಲಿ ಯಾರು ತೀರಿಕೊಂಡರೂ ಚಟ್ಟ ಕಟ್ಟಲು ಅವನೇ ಬರಬೇಕು. ಬಂದವನು ಅಂಗಳದಲ್ಲಿ ನಿಂತು ಜಗಲಿಯ ಮೇಲೆ ಮಲಗಿಸಿದವರನ್ನು ಒಂದು ಸಲ ನೋಡುತ್ತಿದ್ದ, ಅಷ್ಟೇ. ಹಗ್ಗ ಹಿಡಿದು ಅಳೆದದ್ದು ನಾನು ಕಂಡಿಲ್ಲ. ಹೋಗಿ ಬಿದಿರು ಕಡಿದು ತಂದರೆ ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ಇದರಿಂದಾಗಿ ಅವನು ರಸ್ತೆಯಲ್ಲಿ ಸುಮ್ಮನೆ ನೋಡಿದರೂ ಮಕ್ಕಳಾದ ನಮಗೆ ಭಯ. ಅವನು ಎದುರಿಗೆ ಬಂದರೆ ನಾನು ಮೊಣಕಾಲು ಮಡಚಿ ಗಿಡ್ಡವಾಗಿ ನಡೆಯುತ್ತಿದ್ದೆ, ಅಳತೆ ತಪ್ಪಲಿ ಎಂದು. ಅವನು ನೋಡಿ ನಗುತ್ತಿದ್ದ. "ನೀ ಇನ್ನೂ ಬೆಳೀತೆ ತಮಾ, ಈಗ ಅಳದ್ರೆ ಎಂತ ಉಪಯೋಗ?" ಎನ್ನುತ್ತಿದ್ದ. ಅದನ್ನು ಕೇಳಿ ಸಮಾಧಾನವಾಗುವ ಬದಲು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಆಗ ಸಾವಿಗೆ ಬೇಕಾದಷ್ಟು ಜಾಗವಿತ್ತು. ಮಲಗಿಸಲು ಜಗಲಿ, ಚಟ್ಟ ಕಟ್ಟಲು ಅಂಗಳ, ಮೀಯಿಸಲು ಬಾವಿಕಟ್ಟೆ, ಅಳುವವರಿಗೆ ಅಡುಗೆಮನೆಯ ಹಿಂದಿನ ಮೂಲೆ. ಏನು ಮಾಡಬೇಕೆಂದು ತಿಳಿಯದ ಗಂಡಸರಿಗೆ ತೆಂಗಿನ ಮರದ ಬುಡ. ಯಾರೂ ಅದನ್ನೆಲ್ಲ ನಕ್ಷೆ ಮಾಡಿ ಕಟ್ಟಿರಲಿಲ್ಲ. ಹಾಗಾಗಿ ನಾನು ನಕ್ಷೆ ಮಾಡಲು ಕಲಿತಾಗ ಅದು ಯಾವುದೂ ನೆನಪಿಗೆ ಬರಲಿಲ್ಲ.

ಕುಮಟೆಯ ಪೇಟೆಯಲ್ಲಿ ನಾನು ಮಾಡಿದ ಮೊದಲ ದೊಡ್ಡ ಕೆಲಸ ಒಂದು ಮೂರು ಮಹಡಿಯ ವಸತಿ ಕಟ್ಟಡ. ಹನ್ನೆರಡು ಮನೆ. ಜಾಗ ಸಣ್ಣದು, ಮಾಲಕರ ಆಸೆ ದೊಡ್ಡದು. ಎಲ್ಲರ ಅಡುಗೆಮನೆಗೂ ಒಂದು ಕಟ್ಟೆ ಹೆಚ್ಚು ಬೇಕಿತ್ತು. ನಾನು ಬುದ್ಧಿವಂತ, ಮೆಟ್ಟಿಲಿನಿಂದ ಕಿತ್ತುಕೊಟ್ಟೆ. ಮೂರಡಿ ಅಗಲದ ಮೆಟ್ಟಿಲು, ತಿರುಗುವಲ್ಲಿ ನಿಲ್ಲಲು ಜಾಗವಿಲ್ಲ, ಎರಡೂ ಕಡೆ ಗೋಡೆ. ನಕ್ಷೆಯ ಮೇಲೆ ಬಹಳ ಚೆಂದ ಕಾಣುತ್ತಿತ್ತು. ಹೆಮ್ಮೆಯಿಂದ ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ನಾನೂ ಒಂದು ಮನೆ ಹಿಡಿದೆ. ಅಪ್ಪ ಹೋದಮೇಲೆ ಹಳದೀಪುರದಿಂದ ಅಮ್ಮನನ್ನು, ನಮ್ಮ ಆಯಿಯನ್ನು, ಕರೆದುಕೊಂಡು ಬಂದೆ.

ಆಯಿ ಮೊದಲ ದಿನ ಮೆಟ್ಟಿಲು ಹತ್ತುವಾಗ ತಿರುವಿನಲ್ಲಿ ನಿಂತು ಎರಡೂ ಗೋಡೆಗೆ ಕೈ ಚಾಚಿ ನೋಡಿದಳು. ಎರಡೂ ತಾಗಿದವು.

"ತಮಾ, ನನ್ನ ಇಲ್ಲಿಂದ ಹೆಂಗೆ ಇಳಸ್ತೆ?" ಎಂದು ಕೇಳಿದಳು.

ನಾನು ಜೋರಾಗಿ ನಕ್ಕೆ. "ಈಗಷ್ಟೇ ಹತ್ತತಾ ಇದ್ದೆ ಆಯಿ, ಇಳಿಯೂದು ಎಂತಕ್ಕೆ ಈಗ?" ಎಂದೆ. ಅವಳೂ ನಕ್ಕಳು. ಮತ್ತೆ ಆ ಮಾತು ಎತ್ತಲಿಲ್ಲ.

ಆಯಿಗೆ ಅಂಗಳವಿಲ್ಲದೆ ಬೆಳಗಾಗುತ್ತಿರಲಿಲ್ಲ. ಕಟ್ಟಡದ ಕಂಪೌಂಡಿನ ಒಂದು ಮೂಲೆಯಲ್ಲಿ ಪೇಂಟಿನ ಡಬ್ಬಕ್ಕೆ ಮಣ್ಣು ತುಂಬಿ ತುಳಸಿ ನೆಟ್ಟಳು. ದಿನಾ ಬೆಳಿಗ್ಗೆ ಇಳಿದು ನೀರು ಹಾಕಿ, ಗೇಟಿನ ಹತ್ತಿರ ಬರುವ ಗಂಗಕ್ಕನಿಂದ ಮೀನು ತೆಗೆದುಕೊಂಡು, ಅರ್ಧ ಗಂಟೆ ಮಾತಾಡಿ ಹತ್ತಿ ಬರುತ್ತಿದ್ದಳು. ಗಂಗಕ್ಕ ಬುಟ್ಟಿ ಹೊತ್ತು ಮಾರುವವಳು, ಅವಳ ಗಂಡ ಬೋಟಿನ ಕೆಲಸದವನು. ಆಯಿಯ ಮೊಣಕಾಲು ಕೈಕೊಟ್ಟ ಮೇಲೆ ಗಂಗಕ್ಕನೇ ಮೂರು ಮಹಡಿ ಹತ್ತಿ ಬರತೊಡಗಿದಳು. ಬಾಗಿಲ ಹೊರಗೆ ಬುಟ್ಟಿ, ಒಳಗೆ ಇಬ್ಬರ ಗುಸುಗುಸು.

ಕೊನೆಯ ವಾರ ಆಯಿ ಹಟ ಹಿಡಿದಳು. "ನನ್ನ ಕೆಳಗೆ ಕರ್ಕಂಡು ಹೋಗು ತಮಾ. ನಡದೇ ಇಳಿತೆ. ನೀ ಕೈ ಹಿಡದ್ರೆ ಸಾಕು." ಯಾಕೆ ಎಂದರೆ ಹೇಳಲಿಲ್ಲ. ತುಳಸಿ ನೋಡಬೇಕೇನೋ ಎಂದುಕೊಂಡೆ. ಊರಿಗೆ ಹೋಗಬೇಕೇನೋ ಎಂದುಕೊಂಡೆ. ಹೊನ್ನಾವರದಲ್ಲಿ ಒಂದು ಸ್ಲ್ಯಾಬ್ ಹಾಕುವುದಿತ್ತು, "ನಾಳೆ ಹೋಗುವಾ ಆಯಿ" ಎಂದೆ. ಮರುದಿನ ಕೇಳಿದಾಗಲೂ ನಾಳೆ ಎಂದೆ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಅವಳು ಇರಲಿಲ್ಲ.

ಚಟ್ಟವನ್ನು ಕೆಳಗೆ ಕಟ್ಟಿ ಮೇಲೆ ತರಲು ನೋಡಿದರು. ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಿತು. ಬಿದಿರನ್ನಾದರೆ ನೆಟ್ಟಗೆ ಎತ್ತಿ ತಿರುಗಿಸಬಹುದು, ಮನುಷ್ಯರನ್ನು ಹಾಗೆ ಮಾಡಲಾಗದು. ಕೊನೆಗೆ ಊಟದ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆಯಿಯನ್ನು ಕೂರಿಸಿ, ಅವಳದೇ ಸೀರೆಯಿಂದ ಬಿಗಿದು ಇಳಿಸಿದೆವು. ಎರಡನೆಯ ಮಹಡಿಯ ತಿರುವಿನಲ್ಲಿ ಅವಳ ಕಾಲು ಗೋಡೆಗೆ ತಾಗಿತು. ಅಯ್ಯೋ ನೋವಾಯ್ತೇನೋ ಎಂದು ನಾನು ನಿಂತುಬಿಟ್ಟೆ. ಹಿಂದಿನವರು ಇಳೀರಿ ಇಳೀರಿ ಎಂದರು. ಕೆಳಗೆ ಮಲಗಿಸಲು ನೆಲವಿರಲಿಲ್ಲ. ಎರಡು ಸ್ಕೂಟರು ಸರಿಸಿ, ಅವುಗಳ ಎಣ್ಣೆ ಬಿದ್ದ ಕಾಂಕ್ರೀಟಿನ ಮೇಲೆ ಚಾಪೆ ಹಾಕಿದೆವು. ನನಗೆ ಅಳುವುದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಮುಂದಿನ ವಾರ ಹೋಗಿ ಬಿದಿರು ತಂದೆ. ಅದನ್ನು ಮನೆಗೆ ಮಾತ್ರ ತರಬೇಡಿ ಎಂದು ಹೆಂಡತಿ ಹೇಳಿದಳು. ಅವಳು ಹೇಳದಿದ್ದರೂ ತರಲಾಗುತ್ತಿರಲಿಲ್ಲ, ಅಡ್ಡ ಹಿಡಿದರೆ ನನ್ನ ಮೆಟ್ಟಿಲಲ್ಲಿ ಅದು ತಿರುಗುವುದಿಲ್ಲ.

ಇದೆಲ್ಲ ಈಗ ಹೇಳುವುದಕ್ಕೆ ಕಾರಣ ವಾಸಣ್ಣ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಇವತ್ತಿಗೂ ನಾಲ್ಕು ಜನ ಕೂಡಿದಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುವ ಅಭ್ಯಾಸ ಬಿಟ್ಟಿಲ್ಲ, ಸಾವಿನ ಮನೆಯಲ್ಲೂ. ಅವನೂ ಊರಿನ ಇನ್ನು ಕೆಲವರೂ ಸೇರಿ ಪೇಟೆಯ ನಡುವೆ, ನಮ್ಮ ಕಟ್ಟಡದ ಹಿಂದಿನ ಓಣಿಯ ಕೊನೆಯಲ್ಲಿದ್ದ ಹಳೆಯ ಗೋದಾಮಿನ ಜಾಗವನ್ನು ಒಂದು ಕೆಲಸಕ್ಕೆಂದು ಪಡೆದಿದ್ದರು. ಬಾಡಿಗೆ ಕೋಣೆಗಳಲ್ಲಿ, ಫ್ಲ್ಯಾಟುಗಳಲ್ಲಿ ಇರುವವರು ತೀರಿಕೊಂಡರೆ ನಾಲ್ಕು ಗಂಟೆ ಇರಿಸಲು, ಮೀಯಿಸಲು, ಬಂದವರು ನೋಡಲು ಒಂದು ಕಟ್ಟಡ. ಹನ್ನೊಂದನೆಯ ದಿನಕ್ಕೂ ವರ್ಷದ ದಿನಕ್ಕೂ ಕೂಡಿ ನೆನೆಯಲು ಅಲ್ಲೇ ಒಂದು ಕೋಣೆ. ನಕ್ಷೆ ನಾನು ಮಾಡಬೇಕು. ಅದಕ್ಕೆ ಹೆಸರೇನಿಡಬೇಕೆಂದು ಮೂರು ಸಭೆ ನಡೆಯಿತು. ಪಕ್ಕದ ಬೇಕರಿಯವನು ನಾಲ್ಕನೆಯ ಸಭೆಗೆ ಬಂದು, "ನೀವು ಎಂತ ಹೆಸರಾದ್ರೂ ಇಡಿ, ನನ್ನ ಬನ್ನು ಯಾರು ತಿಂತ್ರು?" ಎಂದು ಕೇಳಿದ. ಅವನ ಬಾಗಿಲು ಇನ್ನೊಂದು ರಸ್ತೆಗೆ ಇದೆ ಎಂದು ಸಮಾಧಾನ ಮಾಡಿದೆವು.

ನಾನು ಮೊದಲು ಮಾಡಿದ ನಕ್ಷೆ ಈಗ ನೋಡಿದರೆ ನಗು ಬರುತ್ತದೆ. ನಡುವೆ ಒಂದು ಕೊಳ. ಕುಮಟೆಯ ಮಳೆಗಾಲದಲ್ಲಿ ಕೊಳವನ್ನು ಬೇರೆ ತೋಡಬೇಕಾಗಿಲ್ಲ, ಆದರೂ ಬರೆದಿದ್ದೆ. ಸೂರಿನಿಂದ ಒಂದೇ ಗೆರೆಯಾಗಿ ಬೀಳುವ ಬಿಸಿಲು. ಗ್ರಾನೈಟಿನ ನೆಲ. ಎಲ್ಲೋ ಯಾರೋ ಕಟ್ಟಿದ ಚಿತ್ರಗಳನ್ನು ನೋಡಿ ತಲೆ ಕೆಟ್ಟಿತ್ತು. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಮೂಲೆಯಲ್ಲಿ ಗಂಗಕ್ಕ ಕೂತಿದ್ದಳು. ಈ ಕಟ್ಟಡ ಬೇಕೆಂದು ಮನೆಮನೆ ತಿರುಗಿ ಹೇಳಿದವಳು ಅವಳೇ, ಸಮಿತಿಯಲ್ಲಿ ಅವಳ ಹೆಸರು ಮಾತ್ರ ಕೊನೆಗೆ ಬರೆದಿದ್ದರು.

ಆಯಿ ಹೋದಮೇಲೆ ಅವಳ ಗಂಡನೂ ದೊಡ್ಡ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಗಾಡಿಯಲ್ಲಿ ತಂದರೆ, ಇದ್ದ ಬಾಡಿಗೆ ಕೋಣೆಯ ಮಾಲಕ ಹೆಣ ಒಳಗೆ ಬೇಡ ಎಂದ. ಮೂವತ್ತು ವರ್ಷ ಇದ್ದ ಕೋಣೆ. ಹೈವೇ ಬದಿಯಲ್ಲಿ ಗಾಡಿಯ ಹಿಂಬಾಗಿಲು ತೆರೆದು, ಬಾಟಲಿಯ ನೀರಿನಲ್ಲಿ ಗಂಡನ ಮುಖ ತೊಳೆದು ಕಳಿಸಿದ್ದಳು. ಬಸ್ಸುಗಳು ಹಾರ್ನ್ ಹಾಕುತ್ತ ಹೋಗುತ್ತಿದ್ದವಂತೆ.

"ನಿಂಗೆ ಎಂತ ಅನಿಸ್ತು ಗಂಗಕ್ಕ?" ಎಂದು ಕೇಳಿದೆ.

"ಚೆಂದ ಅದೆ ಇಂಜಿನೇರ್ರೇ. ಮೀಸಿದ್ ನೀರು ಎಲ್ಲಿ ಹೋಗೂದು?"

ಅದನ್ನು ನಾನು ಬರೆದಿರಲಿಲ್ಲ.

"ಈ ನೆಲದ ಮೇಲೆ ಕಾಲು ಜಾರ್ತದೆ. ಮಲಗಿಸೂಕೆ ಮಣ್ಣು ಬೇಕು, ಸಗಣಿ ಸಾರಿಸೂಕೆ ಬರೂ ಹಂಗೆ. ಹೆಂಗಸ್ರು ಬಾಯಿಬಿಟ್ಟು ಅಳೂಕೆ ಒಂದ್ ಕೋಣೆ, ರಸ್ತೆಗೆ ಕೇಳೂಕಾಗದ್ದು." ಇನ್ನೊಂದು ಬೆರಳು ಮಡಚಿ, "ಮತ್ತೆ ಒಂದ್ ಗೋಡೆ ತುಂಬ ಮೊಳೆ ಹೊಡ್ಸಿ" ಎಂದಳು.

"ಮೊಳೆ ಎಂತಕ್ಕೆ?" ಎಂದ ವಾಸಣ್ಣ.

"ಫೋಟೊಕ್ಕೆ. ನಮ್ಮ ಕೋಣೆಲಿ ಮೊಳೆ ಹೊಡಿಯೂಕೆ ಮಾಲಕ್ರು ಬಿಡೂದಿಲ್ಲ. ನಮ್ಮನೆಯವ್ರ ಫೋಟೊ ಟ್ರಂಕಲ್ಲೇ ಅದೆ."

ನಾನು ಅಲ್ಲೇ ಕೊಳವನ್ನು ಅಳಿಸಿದೆ. ಅದರ ಜಾಗದಲ್ಲಿ ಏಳಡಿ ಮೂರಡಿಯ ಬರಿಮಣ್ಣು ಬರೆದೆ. ನನಗೆ ಹಳದೀಪುರದ ನಮ್ಮ ಅಂಗಳವನ್ನು ಅವಳು ತುಂಡುತುಂಡಾಗಿ ವಾಪಸು ಕೊಡುತ್ತಿದ್ದಾಳೆ ಅನಿಸಿತು.

ನಕ್ಷೆ ಸರಿಯಾದ ಮೇಲೆ ಒಂದು ಬೆಳಿಗ್ಗೆ ಬಿದಿರು ತೆಗೆದುಕೊಂಡು ಓಣಿಗೆ ಹೋದೆ. ಗೋದಾಮಿಗೆ ಅದೊಂದೇ ದಾರಿ. ಗಂಗಕ್ಕ ಬುಟ್ಟಿ ಇಳಿಸಿ ಇನ್ನೊಂದು ತುದಿ ಹಿಡಿದಳು. ಏನೆಂದು ಕೇಳಲಿಲ್ಲ. ನೇರ ಓಣಿಯಲ್ಲಿ ಸಲೀಸಾಗಿ ಹೋದೆವು. ತಿರುವಿನಲ್ಲಿ ಅಡ್ಡಕೋಲು ಗೋಡೆಗೆ ಹೊಡೆದು ನಿಂತಿತು. ಹಿಂದೆ ಎಳೆದು, ಓರೆ ಮಾಡಿ ಮತ್ತೆ ನೋಡಿದೆವು. ಆಗಲಿಲ್ಲ. ಓಣಿ ಅಲ್ಲಿ ಮೂರೂವರೆ ಅಡಿ.

ತಾಗಿದ್ದು ನಮ್ಮದೇ ಕಂಪೌಂಡಿನ ಮೂಲೆಗೆ. ಗೋಡೆಯ ಆಚೆ ಆಯಿಯ ತುಳಸಿ. ನನಗೆ ತಕ್ಷಣ ಎಲ್ಲ ನೆನಪಾಯಿತು. ಒಂದು ಕಾರು ಹೆಚ್ಚು ನಿಲ್ಲಲಿ ಎಂದು ಆ ಗೋಡೆಯನ್ನು ಎರಡಡಿ ಓಣಿಗೆ ದೂಡಿ ಬರೆದವನು ನಾನೇ. ಓಣಿಯಲ್ಲಿ ಯಾರು ಓಡಾಡುತ್ತಾರೆ, ಹಳೆಯ ಗೋದಾಮು ತಾನೆ ಎಂದುಕೊಂಡಿದ್ದೆ. ಆ ಗೋಡೆ ಹೋಗದಿದ್ದರೆ, ಇಷ್ಟೆಲ್ಲ ಮಾಡಿ ಕಟ್ಟಿದ ಮನೆಗೂ ಸತ್ತವರು ಕುರ್ಚಿಯ ಮೇಲೆ ಕೂತೇ ಬರಬೇಕು.

ನಮ್ಮ ಹನ್ನೆರಡು ಮನೆಯವರ ಸಭೆ ಎರಡನೆಯ ಮಹಡಿಯ ಮಾಸ್ತರರ ಮನೆಯಲ್ಲಿ ಸೇರಿತು, ಯಾಕೆಂದರೆ ಮಾಸ್ತರರು ಕಾಲುನೋವಿನಿಂದ ಕೆಳಗಿಳಿಯದೆ ವರ್ಷವಾಗಿತ್ತು. ಗೋಡೆ ಒಡೆಯಬೇಕು ಎಂದೆ. ಗದ್ದಲವಾಯಿತು. "ದಿನಾ ಬೆಳಗಾದ್ರೆ ಹೆಣ ನೋಡ್ಕಂಡು ಕೆಲಸಕ್ಕೆ ಹೋಗೂದ?" ಎಂದರು ಒಬ್ಬರು. "ಮಕ್ಕಳು ಹೆದರ್ಕಂತ್ರು" ಎಂದರು ಇನ್ನೊಬ್ಬರು. ಗೋಡೆ ಎರಡಡಿ ಹೊರಗೆ ಹೋದದ್ದು ನನ್ನ ತಪ್ಪು ಎಂದೆ. ಮೆಟ್ಟಿಲೂ ನನ್ನದೇ ತಪ್ಪು, ಅದನ್ನು ಸರಿಮಾಡಲು ಈಗ ಆಗುವುದಿಲ್ಲ, ಇದನ್ನಾದರೂ ಮಾಡಲು ಬಿಡಿ ಎಂದೆ.

ಮಾಸ್ತರರು ತಾವು ಕೂತ ಕುರ್ಚಿಯ ಕೈಯನ್ನು ಸವರುತ್ತ ಕೇಳಿದರು. "ನನ್ನನ್ನ ಹೆಂಗೆ ಇಳಿಸ್ತ್ರಿ ಇಂಜಿನಿಯರೇ? ಇದರ ಮೇಲೇ?"

ಆಯಿ ಇಳಿದ ದಿನ ಅವರೆಲ್ಲರೂ ಬಾಗಿಲ ಸಂದಿಯಿಂದ ನೋಡಿದವರೇ. ಗದ್ದಲ ನಿಂತಿತು. ಒಬ್ಬೊಬ್ಬರಾಗಿ ಎದ್ದು ಕಾಗದಕ್ಕೆ ಸಹಿ ಹಾಕಿ ಹೋದರು.

ಗೋಡೆ ಒಡೆಯಲು ಒಂದು ಬೆಳಗು ಸಾಕಾಯಿತು. ತುಳಸಿಯ ಡಬ್ಬ ಎತ್ತಲು ನನಗೆ ಕೈ ಬರಲಿಲ್ಲ, ಗಂಗಕ್ಕನೇ ಎತ್ತಿ ಗೋದಾಮಿನ ಅಂಗಳದಲ್ಲಿ ಇಟ್ಟಳು. ಮತ್ತೆ ಇಬ್ಬರೂ ಬಿದಿರು ಹಿಡಿದೆವು. ಅವಳು ಮುಂದೆ, ನಾನು ಹಿಂದೆ. ತಿರುವಿನಲ್ಲಿ ಒಡೆದ ಇಟ್ಟಿಗೆಯ ಮೇಲೆ ಕಾಲಿಟ್ಟು ನಿಧಾನಕ್ಕೆ ತಿರುಗಿದೆವು. ಎಲ್ಲೂ ತಾಗಲಿಲ್ಲ.

"ಆತು" ಎಂದಳು ಗಂಗಕ್ಕ. ಬಿದಿರನ್ನು ನೆಲಕ್ಕೆ ಇಳಿಸಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಬುಟ್ಟಿ ಎತ್ತಿಕೊಂಡು ಹೋಗುತ್ತಾಳೆ ಎಂದುಕೊಂಡರೆ ನಿಂತೇ ಇದ್ದಳು.

"ತಮಾ, ಒಂದ್ ಮಾತು. ನಿಂಗೆ ಹೇಳೂಕೆ ಆಯಿ ಬಿಟ್ಟಿರ್ಲಿಲ್ಲ" ಎಂದಳು. ಅವಳು ನನ್ನನ್ನು ತಮಾ ಎಂದು ಕರೆದದ್ದು ಅದೇ ಮೊದಲು. "ಕಡೇ ವಾರ ಇಳಿಬೇಕು ಇಳಿಬೇಕು ಅಂತಿದ್ರಲ, ಅದು ತುಳಸಿಗಲ್ಲ. ನಂಗೆ ಹೇಳಿದ್ರು. 'ಜೀವ ಇರೂವಾಗ್ಲೇ ನಡದ್ ಇಳದ್ಬಿಡ್ತೆ ಗಂಗಾ. ಸತ್ತಮೇಲೆ ಆ ಮೆಟ್ಲಲ್ಲಿ ಸಿಕ್ಕಂಡ್ರೆ ಊರ ಜನ ನನ್ನ ಮಗಂಗೆ ನಗಾಡ್ತ್ರು. ಅಂವ ಕಟ್ಟಿದ್ ಮೆಟ್ಲು.' ಇಳದು ಬಂದು ನನ್ನ ಬಾಡಿಗೆ ಕೋಣೆಲಿ ಎರಡು ದಿನ ಮಲಗ್ತೆ ಅಂತಿದ್ರು."

ಅವಳು ಬುಟ್ಟಿ ತಲೆಗೇರಿಸಿಕೊಂಡು ಹೋದಳು. ಆಯಿ ಎರಡು ದಿನ ಕೇಳಿದ್ದಳು. ಕೈ ಹಿಡಿದರೆ ಸಾಕು ಎಂದಿದ್ದಳು. ನನ್ನ ಮರ್ಯಾದೆ ಉಳಿಸಲು ಅವಳು ಆ ಮೊಣಕಾಲಿನಲ್ಲಿ ಮೂರು ಮಹಡಿ ಇಳಿಯಲು ಸಿದ್ಧಳಾಗಿದ್ದಳು, ನಾನು ನಾಳೆ ಎಂದಿದ್ದೆ. ಇನ್ನು ಊರಿನ ಎಷ್ಟು ಮೆಟ್ಟಿಲುಗಳನ್ನು ಅಗಲ ಮಾಡಿದರೂ ಆ ನಾಳೆ ನನ್ನಲ್ಲೇ ಉಳಿಯುತ್ತದೆ.

ಬಿದಿರನ್ನು ಆಫೀಸಿಗೆ ಮುಟ್ಟಿಸಿ ಮನೆಯ ಮೆಟ್ಟಿಲು ಹತ್ತಿದೆ. ಎರಡನೆಯ ಮಹಡಿಯ ತಿರುವಿನಲ್ಲಿ, ಆಯಿಯ ಕಾಲು ತಾಗಿದಲ್ಲಿ, ಒಂದು ಕ್ಷಣ ನಿಂತೆ. ಮಾಸ್ತರರ ಮನೆಯ ಬಾಗಿಲು ತೆರೆದಿತ್ತು. ಅವರು ಅದೇ ಕುರ್ಚಿಯಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಿದ್ದರು. ನಾನು ಒಳಗೆ ಹೋದೆ.

"ಮಾಸ್ತರೇ, ಏಳಿ. ಕೆಳಗೆ ಹೋಗುವಾ."

"ಎಂತಕ್ಕೆ?"

"ಸುಮ್ಮನೆ. ಗೋಡೆ ಒಡದದ್ದು ನೋಡಿ ಬರುವಾ. ನಾನು ಕೈ ಹಿಡಿತೆ."

ಅವರು ತಮ್ಮ ಕಾಲು ನೋಡಿಕೊಂಡರು, ಮೆಟ್ಟಿಲಿನ ಕಡೆ ನೋಡಿದರು. "ನಾಳೆ ಹೋದ್ರೆ ಆಗೂದಿಲ್ವ?" ಎಂದರು.

"ಇಲ್ಲ ಮಾಸ್ತರೇ, ಇವತ್ತೇ" ಎಂದೆ.

ಸೊಸೆ ಒಳಗಿನಿಂದ ಬಂದು ಅವರ ಚಪ್ಪಲಿ ಹುಡುಕತೊಡಗಿದಳು. ಹಾಕದೆ ವರ್ಷವಾದ ಚಪ್ಪಲಿ, ಎಲ್ಲಿಟ್ಟಿದ್ದೋ ಅವಳಿಗೂ ಮರೆತಿತ್ತು. ಸಿಗುವ ತನಕ ನಾನು ಅವರ ಕೈ ಬಿಡದೆ ಬಾಗಿಲಲ್ಲಿ ನಿಂತೆ.